ಕಾರವಾರ ಸೀಮೆಯ ಬದಲಿ ಮಾಸ್ತರರು

ಕ್ರಿ. ಶ. ೧೮೨೨ನೆಯ ಇಸವಿಯಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ತನ್ನ ಅಧಿಕಾರಕ್ಕೊಳಪಟ್ಟ ಎಲ್ಲ ಜಿಲ್ಹೆಗಳ ಕಲೆಕ್ಟರರಿಂದ ಒಂದು ಲೆಕ್ಕವನ್ನು ಕೇಳಿದನು. ಜಿಲ್ಹೆಯಲ್ಲಿ ಶಾಲೆಗಳೆಷ್ಟು, ಓದುವ ಮಕ್ಕಳೆಷ್ಟು, ಅವರು ಯಾವ ಯಾವ ಜಾತಿಯವರು ಎಂಬುದನ್ನು ನಮೂನೆಯಲ್ಲಿ ತುಂಬಿ ಕಳುಹಿಸಬೇಕಾಗಿದ್ದಿತು. ಬಳ್ಳಾರಿಯಿಂದ ೫೩೩ ಶಾಲೆಗಳ ಹಾಗೂ ೬,೬೪೧ ಮಕ್ಕಳ ಲೆಕ್ಕ ಬಂದಿತು. ಬೇರೆ ಜಿಲ್ಹೆಗಳವರೂ ತಮಗೆ ತಿಳಿದಷ್ಟನ್ನು ಬರೆದು ಕಳುಹಿದರು. ಕಾನಡಾ ಜಿಲ್ಹೆಯಿಂದ ಮಾತ್ರ ಅಂಕಿಯೊಂದೂ ಬರಲಿಲ್ಲ. ಬಂದದ್ದು ಒಂದು ಪತ್ರ. ಆ ವರುಷದ ಅಗಸ್ಟ ತಿಂಗಳಿನಲ್ಲಿ ಅಲ್ಲಿಯ ಮುಖ್ಯ ಕಲೆಕ್ಟರನು ಬರೆದ ಉತ್ತರದ ತಾತ್ಪರ್ಯವಿಷ್ಟು: ಈ ಜಿಲ್ಹೆಯಲ್ಲಿ ಸ್ಥಿರವಾದ ಶಾಲೆಗಳಿಲ್ಲ, ಅವುಗಳಲ್ಲಿ ಕಲಿಸುವ ಸ್ಥಿರವಾದ ಉಪಾಧ್ಯಾಯರೂ ಇಲ್ಲ; ಕಲಿಕೆಯೆಲ್ಲ ಮನೆಗಳೊಳಗೆ ಖಾಸಗಿಯಾಗಿ ನಡೆಯುವುದರಿಂದ ಲೆಕ್ಕ ತೆಗೆಯಹೊರಟರೆ ಅದು ನಂಬತಕ್ಕದ್ದಾಗಲಾರದು.

ಈ ಕಾನಡಾ ಜಿಲ್ಹೆಯೆಂದರೆ ಇಂದಿನ ಉತ್ತರ ಕನ್ನಡವಷ್ಟೇ ಅಲ್ಲ. ಕಾಳೀನದಿಯ ಮುಖದಲ್ಲಿರುವ ಕಾರವಾರ, ಅದರ ದಕ್ಷಿಣಕ್ಕೆ ಅಂಕೋಲೆ, ಅಲ್ಲಿಂದ ಮುಂದೆ ಕುಂದಾಪುರ ಮಂಗಳೂರುಗಳನ್ನು ದಾಟಿ ಕಾಸರಗೋಡಿನವರೆಗೆ ಒಂದೇ ಕಲೆಕ್ಟರನ ಆಡಳಿತವಿದ್ದಿತು. ೧೭೯೯ರಲ್ಲಿ ಟೀಪುವಿನ ಪತನವಾದ ಮೇಲೆ ಆ ಸೀಮೆಗೆ ಮೊದಲ ಕಲೆಕ್ಟರನಾಗಿ ಬಂದವನು ಮನ್ರೋನೇ. ಆದುದರಿಂದ ೧೮೨೨ರ ಪತ್ರವು ಅವನಿಗೆ ಹೊಸ ಸಂಗತಿಯನ್ನು ಹೇಳಿದ್ದಿರಲಾರದು. ಒಂದು ಅನುಕೂಲಸ್ಥ ಮನೆಯವರು ಅಕ್ಷರ ಬಲ್ಲವನೊಬ್ಬನನ್ನು ಕರೆಯಿಸಿಕೊಂಡು ಅಲ್ಪಸ್ವಲ್ಪ ಸಂಬಳಕ್ಕೆ ಇರಿಸಿಕೊಳ್ಳುವುದು, ನೆರೆಮನೆಯ ಮಕ್ಕಳೂ ಅದೇ ಜಗಲಿಯ ಮೇಲೆ ಬಂದು ಕುಳಿತುಕೊಳ್ಳುವುದು, ಮನೆಯ ಮಕ್ಕಳ ಓದು ಮುಗಿದೊಡನೆ ಅವನು ಬೇರೊಂದು ಜಗಲಿಯನ್ನು ಹುಡುಕಿಕೊಂಡು ಹೊರಡುವುದು ಎಂಬ ಕ್ರಮವೇ ಆಗ ನಡೆದುಬಂದಿದ್ದಿತು. ಕಾರವಾರ ಅಂಕೋಲೆಗಳ ಮಟ್ಟಿಗೆ ಖಾಯಂ ಮಾಸ್ತರನು ಈಚೆಗೆ ಬಂದವನು. ಹಂಗಾಮಿ ಮಾಸ್ತರನೇ ಮೂಲಪುರುಷನು ಎಂದರೆ ತಪ್ಪಾಗದು.

ಹಂಗಾಮಿ ಎಂಬ ಮಾತೂ ವಿಚಾರಮಾಡತಕ್ಕದ್ದಾಗಿದೆ. ಹಂಗಾಮು ಎಂದರೆ ಋತು, ಬೆಳೆಯ ಕಾಲ. ನಟ್ಟಿಗೆ ಬಂದ ಆಳು ನಟ್ಟಿ ಮುಗಿದೊಡನೆ ಹೋಗುವನು. ಕೊಯ್ಲಿಗೆ ಬಂದವನು ಕೊಯ್ಲು ಮುಗಿದೊಡನೆ ಹೋಗುವನು. ಈ ಮಾತನ್ನು ಕಚೇರಿಯ ಭಾಷೆಯು ಹೊಲದಿಂದ ಎತ್ತಿಕೊಂಡು ಮಾಸ್ತರನಿಗೆ ಅಂಟಿಸಿತು. ಇನ್ನು ಪಗಾರವೆಂಬುದು ಗೋವೆಯ ಪೋರ್ತುಗೀಜರ ಭಾಷೆಯಿಂದ ಕೊಂಕಣಿ ಮರಾಠಿಗಳ ದಾರಿಯಾಗಿ ಬಂದದ್ದು. ಅದಕ್ಕೆ ಸಲ್ಲಿಸತಕ್ಕದ್ದನ್ನು ಸಲ್ಲಿಸುವುದು ಎಂಬ ಅರ್ಥವೇ ಹೊರತು ಉಪಕಾರವೆಂಬ ಅರ್ಥವಿಲ್ಲ. ಈ ಎರಡು ಮಾತುಗಳು ಒಬ್ಬನೇ ಮನುಷ್ಯನ ವಿಷಯದಲ್ಲಿ ಎಷ್ಟರಮಟ್ಟಿಗೆ ಕೂಡಿ ನಡೆದವು, ಎಲ್ಲಿ ಅಗಲಿದವು ಎಂಬುದೇ ಇಲ್ಲಿಯ ಪ್ರಸ್ತುತ ವಿಷಯ.

ಮನ್ರೋ ೧೮೨೬ರ ಮಾರ್ಚಿಯಲ್ಲಿ ಬರೆದ ಟಿಪ್ಪಣಿಯಲ್ಲಿ ಪಗಾರದ ಮಾತನ್ನು ನೇರವಾಗಿ ಎತ್ತಿದ್ದಾನೆ. ಊರ ಉಪಾಧ್ಯಾಯರಿಗೆ ಮಗುವಿಗೆ ತಿಂಗಳೊಂದಕ್ಕೆ ನಾಲ್ಕರಿಂದ ಎಂಟಾಣೆ ಸಿಕ್ಕುತ್ತಿದ್ದಿತು. ಎಲ್ಲ ಕೂಡಿ ತಿಂಗಳಿಗೆ ಆರೇಳು ರೂಪಾಯಿಗಳನ್ನು ಮೀರುತ್ತಿರಲಿಲ್ಲ. ಇಷ್ಟು ಅಲ್ಪವಾದ ಪ್ರಾಪ್ತಿಗೆ ಯೋಗ್ಯರಾದವರು ಈ ವೃತ್ತಿಗೆ ಬರಲಾರರೆಂಬುದು ಅವನ ಅಭಿಪ್ರಾಯ. ಆದಕಾರಣ ತಾಲೂಕಿನ ಶಾಲೆಯ ಉಪಾಧ್ಯಾಯನಿಗೆ ಸರಕಾರದಿಂದ ತಿಂಗಳಿಗೆ ಒಂಬತ್ತು ರೂಪಾಯಿ, ಜಿಲ್ಹೆಯ ಶಾಲೆಯವನಿಗೆ ಹದಿನೈದು ರೂಪಾಯಿ ಕೊಡತಕ್ಕದ್ದೆಂದು ಸೂಚಿಸಿದನು. ಒಂಬತ್ತು ರೂಪಾಯಿ ಕಡಿಮೆಯಾಗಿ ಕಾಣಬಹುದು. ಆದರೆ ಮಕ್ಕಳಿಂದಲೂ ಅಷ್ಟೇ ಬರುವುದರಿಂದ ಅವನ ಸ್ಥಿತಿಯು ಸ್ಕಾಟ್ಲಂಡಿನ ಹಳ್ಳಿಯ ಉಪಾಧ್ಯಾಯನ ಸ್ಥಿತಿಗಿಂತಲೂ ಮೇಲಾದೀತೆಂದು ಅವನು ಸಮಾಧಾನವನ್ನೂ ಹೇಳಿಕೊಂಡಿದ್ದಾನೆ. ಸ್ವತಃ ಸ್ಕಾಟ್ಲಂಡಿನವನಾದ್ದರಿಂದ ಆ ಹೋಲಿಕೆಯನ್ನು ಮಾಡಲು ಅವನಿಗೆ ಅಧಿಕಾರವಿದ್ದಿತು. ಮುಂದಿನ ವರುಷವೇ ಅವನು ತೀರಿಕೊಂಡನು. ಯೋಜನೆಯೂ ಬೇಗನೆ ಬಾಡಿಹೋಯಿತು. ಆದರೂ ಕಲಿಸುವವನಿಗೆ ಮಕ್ಕಳ ತಲೆಯೆಣಿಕೆಯನ್ನು ಅವಲಂಬಿಸದ ಒಂದು ತಳಮಟ್ಟದ ಸಂಬಳವಿರಬೇಕು ಎಂಬ ಮಾತನ್ನು ಈ ಪ್ರಾಂತದ ಸರಕಾರೀ ಕಾಗದಗಳಲ್ಲಿ ಅಷ್ಟು ಸ್ಪಷ್ಟವಾಗಿ ಬರೆದವನು ಅವನು.

ಮುಂದೆ ಕಾನಡಾ ಜಿಲ್ಹೆಯು ಎರಡು ಹೋಳಾಯಿತು. ೧೮೬೨ರಲ್ಲಿ ಉತ್ತರದ ಹೋಳು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿ ಕಾರವಾರವು ಅದರ ಮುಖ್ಯ ಪಟ್ಟಣವಾಯಿತು. ಮುಂಬಯಿಯ ಶಿಕ್ಷಣಖಾತೆಯ ರೀತಿನೀತಿಗಳು ಬೇರೆ. ಅಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡಿನ ಪಟ್ಟಿಯನ್ನು ಎತ್ತಿ ಅದರ ಮೂರರಲ್ಲೊಂದು ಪಾಲನ್ನು ಶಾಲೆಗಳಿಗೆ ಕೊಡುತ್ತಿದ್ದರು. ಹೀಗೆ ಗದ್ದೆಯಿದ್ದ ರೈತನು, ಅವನ ಮಗ ಶಾಲೆಗೆ ಹೋಗಲಿ ಬಿಡಲಿ, ಮಾಸ್ತರನ ಪಗಾರಕ್ಕೆ ಪಾಲು ಕೊಡುವವನಾದನು. ಖಾಸಗಿ ಶಾಲೆಗಳಿಗೆ ಪರೀಕ್ಷೆಯ ಫಲವನ್ನು ನೋಡಿ ಅನುದಾನ. ಸಾಹೇಬನು ತಪಾಸಣೆಗೆ ಬಂದ ದಿನ ಮಕ್ಕಳು ತೇರ್ಗಡೆಯಾದರೆ ಹಣ, ಇಲ್ಲವಾದರೆ ಇಲ್ಲ. ಆ ದಿನ ಊರಿನಲ್ಲಿ ಸಿಡುಬು ಇದ್ದರೂ ಸರಿಯೆ, ಹೊಳೆಗೆ ನೆರೆ ಬಂದಿದ್ದರೂ ಸರಿಯೆ, ನಷ್ಟವು ಮಾಸ್ತರನದೇ.

ಮುಲ್ಕಿ ಪರೀಕ್ಷೆಯನ್ನು ಮುಗಿಸಿದವನು ಮಾಸ್ತರನಾಗುತ್ತಿದ್ದನು. ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಿ ಬಂದವನು ಟ್ರೇಂಡ್ ಮಾಸ್ತರನೆನಿಸಿ ಮೇಲಿನ ದರ್ಜೆಗೆ ಏರುತ್ತಿದ್ದನು. ಘಟ್ಟದ ಕೆಳಗಿನ ಬಡ ಮನೆತನದ ಹುಡುಗನಿಗೆ ಧಾರವಾಡವೆಂದರೆ ಪರದೇಶವಿದ್ದಂತೆಯೇ. ರಜೆಯ ಮೇಲೆ ಹೋದವನ ಸ್ಥಾನದಲ್ಲಿ ನಿಲ್ಲುತ್ತಿದ್ದವನು ಹೆಚ್ಚಾಗಿ ಟ್ರೇನಿಂಗಿಲ್ಲದವನೇ. ಅವನನ್ನು ಬದಲಿ ಮಾಸ್ತರನೆಂದೋ ಆ್ಯಕ್ಟಿಂಗ್ ಮಾಸ್ತರನೆಂದೋ ಕರೆಯುತ್ತಿದ್ದರು. ರಜೆ ಹೋದವನು ಬಿಟ್ಟುಹೋದ ಸಂಬಳದಲ್ಲಿಯೇ ಆ್ಯಕ್ಟಿಂಗಿನ ಭತ್ತೆ ಹುಟ್ಟಬೇಕೆಂಬುದು ಆಗಿನ ಸರಕಾರೀ ಚಾಕರಿಯ ಸಾಮಾನ್ಯ ಧೋರಣೆಯಾಗಿದ್ದಿತು. ಅಂದರೆ ಬದಲಿಗನ ಅನ್ನವು ಇನ್ನೊಬ್ಬನ ಎಲೆಯಲ್ಲಿ ಉಳಿದ ಅನ್ನವೇ ಆಗಿದ್ದಿತು. ಹಾಗಿದ್ದರೂ ಒಂದು ಗುಣವಿದ್ದಿತು: ಆ ಸ್ಥಾನಕ್ಕೆ ಒಬ್ಬ ಯಜಮಾನನಿದ್ದನು, ಅವನ ಸಂಬಳವಿಷ್ಟೆಂದು ಎಲ್ಲರಿಗೂ ಗೊತ್ತಿದ್ದಿತು, ಅದರಲ್ಲಿ ತನ್ನ ಪಾಲು ಎಷ್ಟೆಂದು ಬದಲಿಗನು ಲೆಕ್ಕ ಹಾಕಬಲ್ಲವನಾಗಿದ್ದನು.

೧೯೨೩ರ ಮುಂಬಯಿಯ ಪ್ರಾಥಮಿಕ ಶಿಕ್ಷಣದ ಕಾಯದೆಯು ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಒಪ್ಪಿಸಿತು. ಸ್ಕೂಲ್ ಬೋರ್ಡುಗಳ ಕಾಲವಿದು. ಬೋರ್ಡಿನ ಬೊಕ್ಕಸವು ಕಂದಾಯವನ್ನು ನೆಚ್ಚಿಕೊಂಡಿದ್ದಿತು. ಆದರೆ ಅಂಕೋಲೆಯ ಕಂದಾಯವು ಸದಾ ಸುಲಭವಾಗಿ ಬರುವಂಥದಲ್ಲ. ೧೯೩೦ನೆಯ ಏಪ್ರಿಲ್ ೧೩ರಂದು ಅಂಕೋಲೆಯ ಕಡಲ ತೀರದಲ್ಲಿ ಉಪ್ಪಿನ ಕಾಯದೆಯನ್ನು ಮುರಿದ ಜನ, ಮುಂದೆ ಎರಡು ವರುಷಗಳೊಳಗೆ ಕರನಿರಾಕರಣೆಯನ್ನೂ ಹೂಡಿ ಮನೆ ಹೊಲಗಳನ್ನು ಜಪ್ತಿಗೆ ಒಪ್ಪಿಸಿದರು. ಆ ಕಥೆಯನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ, ಇಲ್ಲಿ ಬೆಳೆಸಬೇಕಾಗಿಲ್ಲ. ಆಳರಸರೊಡನೆ ತಮ್ಮ ಸಲ್ಲಿಕೆಯನ್ನು ಲೆಕ್ಕ ಹಿಡಿದು ವಾದಿಸುವ ಅಭ್ಯಾಸವು ಈ ತಾಲೂಕಿಗೆ ಆಗಿನಿಂದಲೂ ಇದ್ದಿತೆಂಬುದನ್ನು ನೆನೆದರೆ ಸಾಕು.

ಅದೇ ದಶಕದ ಕೊನೆಗೆ ಮಾಸ್ತರನ ಕನಿಷ್ಠ ಸಂಬಳದ ಪ್ರಶ್ನೆಯು ದೇಶದ ಪ್ರಶ್ನೆಯಾಯಿತು. ವರ್ಧಾ ಯೋಜನೆಯನ್ನು ರೂಪಿಸಿದ ಝಾಕಿರ್ ಹುಸೇನರ ಸಮಿತಿಯು ತಿಂಗಳಿಗೆ ೨೫ ರೂಪಾಯಿ ಇರಬೇಕೆಂದೂ ೨೦ಕ್ಕಿಂತ ಕೆಳಗಿಳಿಯಬಾರದೆಂದೂ ಹೇಳಿತು. ೧೯೪೪ರ ಸಾರ್ಜಂಟ್ ವರದಿಯು ಪ್ರಾಥಮಿಕ ಶಿಕ್ಷಕನಿಗೆ ೩೦ರಿಂದ ೫೦ರವರೆಗಿನ ಶ್ರೇಣಿಯನ್ನು ಸೂಚಿಸಿತು. ಇವೆರಡರಲ್ಲಿಯೂ ನೆನೆದದ್ದು ನೇಮಕವಾದ ಶಿಕ್ಷಕನನ್ನು. ಆರು ವಾರಕ್ಕೋ ಆರು ತಿಂಗಳಿಗೋ ಬಂದು ಹೋಗುವವನ ಒಂದು ದಿನದ ದುಡಿಮೆಗೆ ಬೆಲೆಯೇನು ಎಂಬುದನ್ನು ಎರಡೂ ಕಡೆಯಲ್ಲಿ ಯಾರೂ ಕೇಳಲಿಲ್ಲ.

ಈ ಸೀಮೆಯಲ್ಲಿ ಆ ಪ್ರಶ್ನೆಯನ್ನು ಕೇಳಲು ಯೋಗ್ಯರಾದವರೊಬ್ಬರು ಆಗ ಇದ್ದರು. ಅಂಕೋಲೆ ತಾಲೂಕಿನ ದಿನಕರ ದೇಸಾಯಿಯವರು (೧೯೦೯–೧೯೮೨) ಚುಟುಕುಗಳಿಂದ ಮನೆಮಾತಾದವರು. ಆದರೆ ಅವರು ಗೋಖಲೆಯವರ ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿ ಹಡಗಿನ ಖಲಾಸಿಗಳ ಸಂಘಟನೆಯಲ್ಲಿ ದುಡಿದವರೂ ಹೌದು. ಮೂವತ್ತರ ದಶಕದ ಕೊನೆಯ ಹೊತ್ತಿಗೆ ಅವರು ಇಂಗ್ಲಿಷಿನಲ್ಲಿ ಎರಡು ಪುಸ್ತಕಗಳನ್ನು ಹೆಚ್ಚು ಅಂತರವಿಲ್ಲದೆ ಬರೆದರು: ಒಂದು ಭಾರತದ ಪ್ರಾಥಮಿಕ ಶಿಕ್ಷಣವನ್ನು ಕುರಿತು, ಇನ್ನೊಂದು ಕಡಲ ಕಾರ್ಮಿಕರನ್ನು ಕುರಿತು. ಎರಡೂ ಒಂದೇ ಲೇಖನಿಯಿಂದ ಬಂದುವೆಂಬುದು ಗಮನಿಸತಕ್ಕ ಮಾತು. ಖಲಾಸಿಗೆ ೧೯೨೩ರ ಹಡಗು ಕಾಯದೆಯ ಪ್ರಕಾರ ಹಡಗೇರುವ ಮುನ್ನ ಕರಾರುಪತ್ರವಾಗಬೇಕು. ಪಗಾರವೆಷ್ಟು, ಯಾವಾಗಿನಿಂದ, ಎಲ್ಲಿಯವರೆಗೆ ಎಂಬುದು ಅದರಲ್ಲಿ ಬರೆದಿರಬೇಕು. ಅವನ ತಮ್ಮನು ಊರಿನಲ್ಲಿ ಬದಲಿ ಮಾಸ್ತರನಾಗಿದ್ದರೆ ಅವನಿಗೆ ಇಷ್ಟು ಸ್ಪಷ್ಟವಾದ ಕಾಗದವು ದೊರೆಯುತ್ತಿರಲಿಲ್ಲ. ದೇಸಾಯಿಯವರು ರೈತ ಚಳವಳಿಯ ಕಾರಣದಿಂದ ೧೯೪೦ರಲ್ಲಿ ಜಿಲ್ಹೆಯಿಂದ ಗಡಿಪಾರಾದರು. ಮರಳಿ ಬಂದು ೧೯೫೩ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಹೆಯಲ್ಲಿ ಶಾಲೆಗಳನ್ನು ತೆರೆದರು. ೧೯೬೬ರಲ್ಲಿ ಅಂಕೋಲೆಯಲ್ಲಿ ಕಾಲೇಜನ್ನು ಆರಂಭಿಸಿದಾಗ ಅದಕ್ಕೆ ಇಟ್ಟದ್ದು ಗೋಖಲೆಯವರ ಹೆಸರು.

ಗೋಖಲೆಯವರು ಪುಣೆಯ ಕಾಲೇಜಿನಲ್ಲಿ ತಿಂಗಳಿಗೆ ೭೫ ರೂಪಾಯಿಗಳಿಗೆ ಇಪ್ಪತ್ತು ವರುಷ ಕಲಿಸುವ ಪ್ರತಿಜ್ಞೆಯನ್ನು ಮಾಡಿ ಅದನ್ನು ನಡೆಸಿದವರು. ಈ ದೃಷ್ಟಾಂತವನ್ನು ಶಿಕ್ಷಕರ ಸಭೆಗಳಲ್ಲಿ ಪದೇ ಪದೇ ಹೇಳುವುದುಂಟು. ಅವರು ಆ ಸಂಬಳವನ್ನು ತಾವಾಗಿ ಆರಿಸಿಕೊಂಡರು, ಇಪ್ಪತ್ತು ವರುಷಗಳ ಸ್ಥಾನವೂ ಅದರೊಡನೆ ಬಂದಿತು ಎಂಬ ಭಾಗವನ್ನು ಮಾತ್ರ ಹೇಳಲು ಮರೆಯುತ್ತಾರೆ.

ಸ್ವಾತಂತ್ರ್ಯದ ಮರುವರುಷ, ೧೯೪೮ರ ಮಾರ್ಚಿಯಲ್ಲಿ, ಕನಿಷ್ಠ ವೇತನದ ಕಾಯದೆಯು ಜಾರಿಗೆ ಬಂದಿತು. ಅಕ್ಕಿ ಗಿರಣಿ, ಬೀಡಿ, ರಸ್ತೆ ಕೆಲಸ, ವ್ಯವಸಾಯ ಮೊದಲಾದ ಉದ್ಯೋಗಗಳನ್ನು ಅದರ ಪಟ್ಟಿಯಲ್ಲಿ ಹೆಸರಿಸಲಾಯಿತು. ಆ ಪಟ್ಟಿಯಲ್ಲಿ ಪಾಠ ಹೇಳುವುದಿರಲಿಲ್ಲ. ಬಹುಕಾಲ ಇದನ್ನು ಯಾರೂ ಕೊರತೆಯೆಂದು ಎಣಿಸಲಿಲ್ಲ. ಕಾಳೀನದಿಯ ಆಚೆಗಿನ ಗೋವೆಯಲ್ಲಿ ಕೆಲಸದಿಂದ ತೆಗೆಯಲ್ಪಟ್ಟ ಶಾಲಾಶಿಕ್ಷಕಿಯೊಬ್ಬರು ಕಾರ್ಮಿಕ ನ್ಯಾಯಾಲಯದ ಬಾಗಿಲು ತಟ್ಟಲು ಹೊರಟಾಗ ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೧೯೮೮ರಲ್ಲಿ ಬಂದ ತೀರ್ಪಿನಲ್ಲಿ ಶಾಲೆಯು ಉದ್ಯಮವೇ ಆಗಿರಬಹುದು, ಆದರೆ ಶಿಕ್ಷಕನು ಕಾರ್ಮಿಕನಲ್ಲ ಎಂದು ನ್ಯಾಯಾಧೀಶರು ಹೇಳಿದರು. ವಿದ್ಯಾದಾನವು ಕೈಕೆಲಸವಲ್ಲ, ಗುಮಾಸ್ತೆಯ ಕೆಲಸವೂ ಅಲ್ಲ. ಅದು ಶ್ರೇಷ್ಠವಾದ ವೃತ್ತಿಯೆಂಬುದು ಅವರ ಕಾರಣ. ೧೯೯೬ರಲ್ಲಿ ಹರಿಯಾಣದ ಖಾಸಗಿ ಶಾಲೆಗಳ ವ್ಯಾಜ್ಯದಲ್ಲಿ ಅದೇ ತರ್ಕವನ್ನು ಕನಿಷ್ಠ ವೇತನದ ಕಾಯದೆಗೂ ಅನ್ವಯಿಸಿದರು. ಇದರ ಫಲವಾಗಿ ಗಂಟೆ ಬಾರಿಸುವ ಜವಾನನು ಮತ್ತು ಹಾಜರಿ ಬರೆಯುವ ಗುಮಾಸ್ತನು ಆ ಕಾಯದೆಯ ನೆರಳಿಗೆ ಬರಬಹುದು; ಗಂಟೆ ಕೇಳಿ ತರಗತಿಗೆ ಹೋಗುವವನು ಬರಲಾರನು. ವೃತ್ತಿಯ ಹಿರಿಮೆಯನ್ನು ಹೊಗಳಿ ಅದರ ಹಕ್ಕನ್ನು ಕಡಿದ ಇಂಥ ಉದಾಹರಣೆ ಬೇರೆ ಕಡೆಯಲ್ಲಿ ಹುಡುಕಿದರೂ ಸಿಕ್ಕುವುದು ಕಷ್ಟ.

ಇಷ್ಟರಲ್ಲಿ ಹಳೆಯ ಕಾನಡಾ ಜಿಲ್ಹೆಯು ೧೯೫೬ನೆಯ ನವೆಂಬರ ೧ರಂದು ಮತ್ತೊಮ್ಮೆ ಒಡೆದಿದ್ದಿತು. ಕಾರವಾರ ಅಂಕೋಲೆಗಳು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂದವು. ಮನ್ರೋನ ಕಾಲದಲ್ಲಿ ಅದೇ ಜಿಲ್ಹೆಯ ಇನ್ನೊಂದು ತುದಿಯಾಗಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. ಒಂದೇ ಪತ್ರದಲ್ಲಿ ಸ್ಥಿರ ಮಾಸ್ತರರಿಲ್ಲದ ಸೀಮೆಯೆನಿಸಿಕೊಂಡಿದ್ದ ಎರಡು ತುದಿಗಳು ಬೇರೆ ಬೇರೆ ಮನೆಗೆ ಸೇರಿದ ಮೇಲೆ ಬದಲಿ ಮಾಸ್ತರನ ಗತಿ ಏನಾಯಿತೆಂದು ನೋಡುವುದು ಬೋಧಪ್ರದವಾಗಿದೆ.

ಕೇರಳದ ೧೯೫೯ರ ಶಿಕ್ಷಣ ನಿಯಮಗಳಲ್ಲಿ ಅನುದಾನಿತ ಶಾಲೆಗಳ ಬದಲಿ ಶಿಕ್ಷಕರಿಗಾಗಿ ಎರಡು ಸೂತ್ರಗಳುಂಟು. ತಾತ್ಕಾಲಿಕ ಸ್ಥಾನವು ಬೇಸಗೆಯ ರಜೆಯನ್ನು ದಾಟಿ ಮುಂದುವರಿಯುವಂಥದಾಗಿದ್ದು, ಅದರಲ್ಲಿ ನಿಂತ ಅರ್ಹ ಶಿಕ್ಷಕನ ಸೇವೆಯು ಶಾಲೆ ಮುಚ್ಚುವ ದಿನಕ್ಕೆ ಎಡೆಬಿಡದೆ ಎಂಟು ತಿಂಗಳಾಗಿದ್ದರೆ, ರಜೆಯ ಸಂಬಳಕ್ಕೆ ಅವನು ಬಾಧ್ಯನು. ಸ್ಥಾನವು ಮುಗಿದು ಹೊರಬಿದ್ದವನಿಗೆ ಅದೇ ಆಡಳಿತದವರ ಶಾಲೆಗಳಲ್ಲಿ ಮುಂದೆ ತೆರವಾಗುವ ಸ್ಥಾನಕ್ಕೆ ಮೊದಲ ಹಕ್ಕು. ಇವಲ್ಲದೆ ದಿನಗೂಲಿಯ ಮೇಲೆ ನಿಲ್ಲುವ ಶಿಕ್ಷಕರಿಗೆ ಹಣಕಾಸಿನ ಖಾತೆಯು ದಿನದ ದರವನ್ನು ಆಜ್ಞೆಯಿಂದಲೇ ಗೊತ್ತುಪಡಿಸುವ ಪದ್ಧತಿ ಅಲ್ಲಿದೆ. ೨೦೨೧ರ ವೇತನ ಪರಿಷ್ಕರಣದ ಬಳಿಕ ಕಿರಿಯ ಹಿರಿಯ ಪ್ರಾಥಮಿಕ ತರಗತಿಗಳಿಗೆ ದಿನಕ್ಕೆ ೯೫೫ ರೂಪಾಯಿ, ಪ್ರೌಢಶಾಲೆಗೆ ೧,೧೦೦ ರೂಪಾಯಿ ಎಂದು ಕಟ್ಟಿದರು. ಕಾಸರಗೋಡಿನ ಕನ್ನಡ ಶಾಲೆಗೆ ಬದಲಿಯಾಗಿ ಹೋಗುವವರಿಗೂ ಇದೇ ದರ. ದಿನಗೂಲಿಯೆಂಬ ಮಾತು ಶಿಕ್ಷಕನಿಗೆ ಒಪ್ಪುವಂಥದಲ್ಲವೆಂದು ಮೂಗು ಮುರಿಯುವವರುಂಟು. ಕೆಲಸವಿಲ್ಲದ ದಿನಕ್ಕೆ ಕಾಸಿಲ್ಲವೆಂಬ ದೋಷ ದಿನಗೂಲಿಗೆ ಹುಟ್ಟಿನಿಂದಲೇ ಇದೆ ಎಂಬುದೂ ನಿಜ. ಆದರೆ ಅದು ಮುದ್ರಿತವಾದ ದರ. ಇಷ್ಟು ದಿನ ನಿಂತೆ, ಇಷ್ಟು ಬರತಕ್ಕದ್ದು ಎಂದು ಬೆರಳು ಮಡಿಸಿ ಕೇಳಬಹುದು.

ಕರ್ನಾಟಕದಲ್ಲಿ ನಡೆದ ದಾರಿ ಬೇರೆ. ಇಲ್ಲಿ ಬದಲಿ ಮಾಸ್ತರನು ಮೆಲ್ಲನೆ ಮರೆಯಾಗಿ ಅವನ ಜಾಗದಲ್ಲಿ ಅತಿಥಿ ಶಿಕ್ಷಕನು ಕಾಣಿಸಿಕೊಂಡನು. ಹೆಸರು ಬದಲಾದದ್ದಷ್ಟೇ ಅಲ್ಲ, ಅರ್ಥವೂ ಬದಲಾಯಿತು. ಹಿಂದಿನವನು ರಜೆ ಹೋದ ಒಬ್ಬನಿಗೆ ಬದಲಿ. ಅವನು ಮರಳಿ ಬಂದರೆ ಇವನು ಹೋಗಬೇಕಾದದ್ದು ನ್ಯಾಯವೇ. ಇಂದಿನವರು ಬಹುಮಟ್ಟಿಗೆ ನೇಮಕವೇ ಆಗದೆ ಖಾಲಿ ಬಿದ್ದ ಹುದ್ದೆಗೆ ಬರುವವರು. ಯಾರಿಗೆ ಬದಲಿಯೆಂದು ಕೇಳಿದರೆ ಯಾರೂ ಇಲ್ಲದವನಿಗೆ ಬದಲಿಯೆಂದು ಉತ್ತರ ಹೇಳಬೇಕು. ೨೦೨೫–೨೬ನೆಯ ಸಾಲಿಗೆ ರಾಜ್ಯದ ಸರಕಾರೀ ಪ್ರಾಥಮಿಕ ಶಾಲೆಗಳಿಗೆ ಸುಮಾರು ೪೦,೦೦೦ ಮತ್ತು ಪ್ರೌಢಶಾಲೆಗಳಿಗೆ ಸುಮಾರು ೧೧,೦೦೦ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಅನುಮತಿ ದೊರೆಯಿತು. ಅತಿಥಿಗಳ ಸಂಖ್ಯೆ ಅರ್ಧ ಲಕ್ಷವನ್ನು ಮೀರಿದ ಮನೆಯಲ್ಲಿ ಮನೆಯವರು ಯಾರೆಂಬ ಸಂದೇಹವು ಸಹಜವಾಗಿಯೇ ಹುಟ್ಟುತ್ತದೆ.

ಈ ಸೀಮೆಯ ಭೂಗೋಲವು ಆ ಸಂದೇಹವನ್ನು ಇನ್ನಷ್ಟು ಹರಿತಗೊಳಿಸುತ್ತದೆ. ಕಾರವಾರ ತಾಲೂಕಿನ ಶಾಲೆಗಳಲ್ಲಿ ಕೆಲವು ಕಡಲ ದಂಡೆಯಲ್ಲಿ, ಕೆಲವು ಕಾಳಿಯ ದಂಡೆಗುಂಟ ಕದ್ರೆಯ ಕಡೆಗೆ ಕಾಡಿನೊಳಗೆ. ಅಂಕೋಲೆಯಲ್ಲಿ ಹುಬ್ಬಳ್ಳಿಯ ಹಾದಿಯನ್ನು ಹಿಡಿದು ಸುಂಕಸಾಳ ರಾಮನಗುಳಿಗಳತ್ತ ಹೋದರೆ, ಇಲ್ಲವೆ ಹಿಲ್ಲೂರು ಅಚವೆಗಳ ಕಡೆಗೆ ತಿರುಗಿದರೆ, ಘಟ್ಟದ ಬುಡದಲ್ಲಿ ಕೆಲವೇ ಮಕ್ಕಳ ಶಾಲೆಗಳು. ವರ್ಗವಾಗಿ ಬಂದವರು ಪೇಟೆಯ ಹತ್ತಿರ ಸ್ಥಳ ಸಿಕ್ಕಿದೊಡನೆ ಹೊರಡುವುದು ಮನುಷ್ಯ ಸಹಜವೇ. ಉಳಿಯುವವರು ಅದೇ ಊರಿನ, ಇಲ್ಲವೆ ನೆರೆಯೂರಿನ ಅತಿಥಿಗಳು. ಅವರಲ್ಲಿ ಸ್ತ್ರೀಯರೂ ಅನೇಕರು. ಮಕ್ಕಳಿಗೂ ಊರವರಿಗೂ ಅವರು ಅತಿಥಿಗಳಲ್ಲ, ಅಕ್ಕೋರೇ. ಮನೆಯಲ್ಲಿ ಕೊಂಕಣಿಯನ್ನೋ ಹಾಲಕ್ಕಿಗಳ ಕನ್ನಡವನ್ನೋ ಆಡಿಕೊಂಡು ಬಂದ ಮಗುವಿಗೆ ಶಾಲೆಯ ಮೊದಲ ದಿನ ಅದರ ಮಾತಿನಲ್ಲಿಯೇ ಉತ್ತರ ಕೊಡಬಲ್ಲವರು ಹಲವೆಡೆ ಅವರೇ. ಆಷಾಢದ ಮಳೆಗೆ ಜಿಲ್ಹಾಧಿಕಾರಿಗಳು ಶಾಲೆಗೆ ರಜೆ ಸಾರಿದರೆ ಕಳೆದ ಪಾಠವನ್ನು ಶನಿವಾರಗಳಲ್ಲಿ ತುಂಬಿಕೊಡಬೇಕಾದವರೂ ಅವರೇ. ೨೦೨೪ರ ಜುಲೈ ೧೬ರಂದು ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದಂಥ ಮಳೆ ಈ ತಾಲೂಕಿನದು.

ಇನ್ನು ಪ್ರಾಪ್ತಿಯ ಲೆಕ್ಕ. ೨೦೨೨ರಲ್ಲಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಕೊಡುತ್ತಿದ್ದುದನ್ನು ೭,೫೦೦ರಿಂದ ೧೦,೦೦೦ಕ್ಕೂ ಪ್ರೌಢಶಾಲೆಯವರಿಗೆ ೮,೦೦೦ದಿಂದ ೧೦,೫೦೦ಕ್ಕೂ ಏರಿಸಿದರು. ಅದೇ ವರುಷ ೧೫,೦೦೦ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಸಾರಿದ ಶ್ರೇಣಿಯ ಮೊದಲ ಮೆಟ್ಟಲು ೨೭,೬೫೦ ರೂಪಾಯಿ. ಅದೇ ವರುಷ ಕಾಸರಗೋಡಿನಲ್ಲಿ ದಿನಕ್ಕೆ ೯೫೫ರಂತೆ ನಿಂತವನು ಹತ್ತೂವರೆ ದಿನಗಳಲ್ಲಿ ಗಳಿಸಿದ್ದನ್ನು ಅಂಕೋಲೆಯವನು ತಿಂಗಳು ಪೂರ್ತಿ ಕಲಿಸಿ ಪಡೆದನು. ೨೦೨೫ರ ಆಯವ್ಯಯದಲ್ಲಿ ಮತ್ತೆ ಎರಡೆರಡು ಸಾವಿರ ಕೂಡಿಸಿ ೧೨,೦೦೦ ಮತ್ತು ೧೨,೫೦೦ ಮಾಡಿದರು. ಶಾಲೆಯ ವರುಷವು ಹತ್ತು ತಿಂಗಳಿನದು. ಹನ್ನೆರಡು ಸಾವಿರವನ್ನು ಹತ್ತರಿಂದ ಗುಣಿಸಿ ಮುನ್ನೂರ ಅರುವತ್ತೈದು ದಿನಗಳಿಗೆ ಹಂಚಿದರೆ ದಿನಕ್ಕೆ ೩೨೯ ರೂಪಾಯಿ ಬೀಳುತ್ತದೆ. ಆ ವರುಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಮಣ್ಣುಕೆಲಸಕ್ಕೆ ಗೊತ್ತುಮಾಡಿದ್ದ ದಿನಗೂಲಿ ೩೭೦ ರೂಪಾಯಿ. ಈ ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕು. ಖಾತರಿಯ ಕೆಲಸವು ಮನೆಯೊಂದಕ್ಕೆ ವರುಷದಲ್ಲಿ ನೂರು ದಿನಗಳದಾಗಿದ್ದಿತು. ಮಾಸ್ತರನ ಪ್ರಾಪ್ತಿಯನ್ನು ಕೆಲಸದ ದಿನಗಳಿಗೇ ಹಂಚಿದರೆ ತಿಂಗಳಿಗೆ ಇಪ್ಪತ್ತಾರು ದಿನದ ಲೆಕ್ಕದಲ್ಲಿ ದಿನಕ್ಕೆ ಸುಮಾರು ೪೬೧ ರೂಪಾಯಿ ಆಗುತ್ತದೆ. ಆದರೆ ಹೊಟ್ಟೆಯು ಇಪ್ಪತ್ತಾರು ದಿನದ ಲೆಕ್ಕವನ್ನು ಒಪ್ಪುವುದಿಲ್ಲ. ಅಲ್ಲದೆ ೩೭೦ಕ್ಕೆ ಕಾಯದೆಯ ಬೆಂಬಲವಿದ್ದಿತು, ೪೬೧ಕ್ಕೆ ಇಲ್ಲ.

ಕಾರಣವು ಹೆಸರಿನಲ್ಲಿಯೇ ಅಡಗಿದೆ. ಅತಿಥಿ ಶಿಕ್ಷಕರಿಗೆ ಕೊಡುವುದು ವೇತನವಲ್ಲ, ಪಗಾರವಲ್ಲ; ಗೌರವಧನ. ಸಭೆಗೆ ಬಂದು ಭಾಷಣ ಮಾಡಿದವರಿಗೆ ಫಲತಾಂಬೂಲದೊಡನೆ ಕೊಡುವ ಕಾಣಿಕೆಯ ಹೆಸರಿದು. ಗೌರವವನ್ನು ಕೊಡುವವನು ತನ್ನ ಇಚ್ಛೆಯಂತೆ ಕೊಡುವನು. ಎಷ್ಟೆಂದು ಕೇಳುವುದು, ತಡವಾಯಿತೇಕೆಂದು ಕೇಳುವುದು ಅವಿನಯವೆನಿಸುವುದು. ಪ್ರತಿ ವರುಷವೂ ಹೊಸ ಆಜ್ಞೆ. ಇದು ತಾತ್ಕಾಲಿಕ, ಖಾಯಮಾತಿಗೆ ಇದರಿಂದ ಹಕ್ಕು ಹುಟ್ಟದು ಎಂಬ ಷರತ್ತು ಪ್ರತಿ ಆಜ್ಞೆಯಲ್ಲಿಯೂ. ಹದಿನೈದು ವರುಷ ಅದೇ ಶಾಲೆಯಲ್ಲಿ ಕಲಿಸಿದವರೂ ಹದಿನಾರನೆಯ ಜೂನಿನಲ್ಲಿ ಹೊಸಬರಂತೆ ಅರ್ಜಿ ಹಿಡಿದು ಶಾಲಾಭಿವೃದ್ಧಿ ಸಮಿತಿಯ ಮುಂದೆ ನಿಲ್ಲಬೇಕು.

ನ್ಯಾಯಾಲಯಗಳು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಜೂನಿನಲ್ಲಿ ತೆಗೆದುಕೊಂಡು ಬೇಸಗೆಯ ರಜೆಗೆ ಮುನ್ನ ಬಿಡಿಸುವ ಪದ್ಧತಿಯನ್ನು ಹರಿಯಾಣದ ತಾತ್ಕಾಲಿಕ ಶಿಕ್ಷಕರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೮೫ರಲ್ಲಿಯೇ ಖಂಡಿಸಿ ರಜೆಯ ಸಂಬಳವನ್ನೂ ಕೊಡಿಸಿತು. ೧೯೯೦ರಲ್ಲಿ ನೆರೆಯ ಧಾರವಾಡದ ಲೋಕೋಪಯೋಗಿ ಖಾತೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘವು ತಂದ ವ್ಯಾಜ್ಯದಲ್ಲಿ, ಹತ್ತು ವರುಷ ದುಡಿದವರನ್ನು ಹಂತಹಂತವಾಗಿ ಖಾಯಂ ಮಾಡುವ ಯೋಜನೆಯು ಸಿದ್ಧವಾಯಿತು. ೨೦೦೬ನೆಯ ಏಪ್ರಿಲಿನಲ್ಲಿ ಉಮಾದೇವಿ ಮೊಕದ್ದಮೆಯೆಂದು ಪ್ರಸಿದ್ಧವಾದ ತೀರ್ಪು ಆ ಬಾಗಿಲನ್ನು ಮುಚ್ಚಿತು: ನಿಯಮದಂತೆ ನೇಮಕವಾಗದವರಿಗೆ ಖಾಯಮಾತಿಯ ಹಕ್ಕಿಲ್ಲ. ಅಂದಿನಿಂದ ಅರ್ಜಿದಾರರ ಬಾಯಿ ಮುಚ್ಚಿಸಬೇಕಾದಾಗಲೆಲ್ಲ ಅಧಿಕಾರಿಗಳು ಆ ತೀರ್ಪನ್ನು ಎತ್ತಿ ಹಿಡಿಯುತ್ತಾರೆ. ಆದರೆ ಆ ಮೊಕದ್ದಮೆಯು ಕರ್ನಾಟಕದ್ದೇ, ವಾಣಿಜ್ಯ ತೆರಿಗೆಯ ಖಾತೆಯ ದಿನಗೂಲಿಯವರದು. ಅದೇ ತೀರ್ಪಿನ ಕೊನೆಯ ಭಾಗದಲ್ಲಿ ಆ ದಿನಗೂಲಿಯವರಿಗೆ ಅವರ ವರ್ಗದ ಖಾಯಂ ನೌಕರರ ಅತ್ಯಂತ ಕೆಳಗಿನ ಮೆಟ್ಟಲಿನ ಸಂಬಳವನ್ನು ಕೊಡತಕ್ಕದ್ದೆಂದು ಆಜ್ಞೆಯಿದೆ. ಸ್ಥಾನವಿಲ್ಲ, ಆದರೆ ತಳಮಟ್ಟವಿದೆ ಎಂಬುದೇ ಪೂರ್ಣ ತೀರ್ಪು. ಅರ್ಧವನ್ನು ಎಲ್ಲರೂ ಬಲ್ಲರು; ಉಳಿದರ್ಧವನ್ನು ಓದಿದವರು ಕಡಿಮೆ. ೨೦೧೬ರ ಅಕ್ಟೋಬರಿನಲ್ಲಿ ಪಂಜಾಬದ ನೌಕರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಉಳಿದರ್ಧವನ್ನೇ ತತ್ತ್ವವಾಗಿ ವಿಸ್ತರಿಸಿತು: ಖಾಯಂ ನೌಕರನ ಕೆಲಸವನ್ನೇ ಮಾಡುವ ತಾತ್ಕಾಲಿಕನಿಗೆ ಆ ವೇತನ ಶ್ರೇಣಿಯ ಮೊದಲ ಮೆಟ್ಟಲು ಸಲ್ಲಬೇಕು. ೨೦೨೫ರ ಅಗಸ್ಟಿನಲ್ಲಿ ಗುಜರಾಥದ ಗುತ್ತಿಗೆ ಅಧ್ಯಾಪಕರಿಗೂ ಅದೇ ನ್ಯಾಯವು ದೊರೆಯಿತು; ಸಮಾರಂಭಗಳಲ್ಲಿ ಗುರುಸ್ತೋತ್ರವನ್ನು ಪಠಿಸಿದರೆ ಸಾಲದೆಂಬ ಮಾತನ್ನೂ ನ್ಯಾಯಾಧೀಶರು ಆಡಿದರು.

ಆದರೆ ಇವೆಲ್ಲ ಮೊಕದ್ದಮೆ ಹೂಡಿದವರಿಗೆ ದೊರೆತದ್ದು. ದಿನಕ್ಕೆ ನಾಲ್ಕುನೂರ ಚಿಲ್ಲರೆ ಪಡೆಯುವ ಅಚವೆಯ ಶಿಕ್ಷಕಿಯು ಬೆಂಗಳೂರಿನ ವಕೀಲರಿಗೆ ಏನನ್ನು ಕೊಟ್ಟಾಳು? ೨೦೨೫ರ ನವೆಂಬರ ೨೧ರಂದು ೧೯೪೮ರ ಕಾಯದೆಯ ಜಾಗದಲ್ಲಿ ಹೊಸ ವೇತನ ಸಂಹಿತೆಯು ಜಾರಿಗೆ ಬಂದಿತು. ಹೆಸರಿಸಿದ ಉದ್ಯೋಗಗಳ ಹಳೆಯ ಪಟ್ಟಿಯನ್ನು ಅದು ತೆಗೆದುಹಾಕಿ ನೌಕರರೆಲ್ಲರಿಗೂ ಕನಿಷ್ಠ ವೇತನವನ್ನು ವಿಧಿಸಿತು. ಆದರೆ ನೌಕರನೆಂದರೆ ಯಾರೆಂಬ ವ್ಯಾಖ್ಯೆಯಲ್ಲಿ ಕುಶಲ, ಅರೆಕುಶಲ, ಕೈಕೆಲಸ, ಮೇಲ್ವಿಚಾರಣೆ, ಆಡಳಿತ, ತಾಂತ್ರಿಕ, ಗುಮಾಸ್ತಿಕೆ ಎಂದು ಒಂದೊಂದನ್ನೇ ಎಣಿಸುತ್ತ ಹೋಗಿದೆ. ಬೋಧನೆಯೆಂಬ ಪದವು ಅಲ್ಲಿಯೂ ಬಂದಿಲ್ಲ. ಸರಕಾರವು ಬೇಕೆಂದರೆ ಯಾರನ್ನಾದರೂ ನೌಕರನೆಂದು ಸಾರಬಹುದೆಂಬ ಒಂದು ಕಿರಿಯ ವಾಕ್ಯವು ಅದೇ ವ್ಯಾಖ್ಯೆಯ ಕೊನೆಗಿದೆ. ಅತಿಥಿ ಶಿಕ್ಷಕರನ್ನು ಅದರೊಳಗೆ ತರಲು ಹೊಸ ಕಾಯದೆಯೇನೂ ಬೇಕಾಗಿಲ್ಲ; ಒಂದು ಅಧಿಸೂಚನೆ ಸಾಕು.